ವಾಂತಿಯ ಬೋರ್ಡು

ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಗಡಿಯಾರದಮ್ಮ ಎಂದೇ ಕರೆಯುತ್ತಿದ್ದರು. ಬಸುರಿಯರಿಗೆ ಗ್ಲೂಕೋಸ್ ನೀರು ಕುಡಿಸಿ, ಗಂಟೆಗೊಮ್ಮೆ ರಕ್ತ ತೆಗೆದು ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡುವ ಪರೀಕ್ಷೆ ಅವರ ಪಾಲಿನದು. ಅದರಲ್ಲಿ ಒಂದು ನಿಮಿಷ ಅತ್ತಿತ್ತ ಆಗಲು ಬಿಡುವ ಹೆಂಗಸಲ್ಲ.

ಆ ಪರೀಕ್ಷೆ ಎಂದರೆ ಬಂದವರೆಲ್ಲ ಮೂಗು ಮುರಿಯುತ್ತಿದ್ದರು. ಖಾಲಿ ಹೊಟ್ಟೆಗೆ ಲೋಟದ ತುಂಬ ಬರೀ ಸಿಹಿ, ಆಮೇಲೆ ಎರಡು ಗಂಟೆ ಕಾಯಬೇಕು. ನಡುವೆ ವಾಂತಿಯಾದರೆ ಎಲ್ಲ ವ್ಯರ್ಥ, ಇನ್ನೊಂದು ದಿನ ಮತ್ತೆ ಬರಬೇಕು. ಒಂದು ಬೆಳಿಗ್ಗೆ ಗಡಿಯಾರದಮ್ಮ ತಾವೇ ಖಾಲಿ ಹೊಟ್ಟೆಯಲ್ಲಿ ಬಂದು ಆ ನೀರು ಕುಡಿದರು. "ಥೂ, ಇದನ್ನಾ ನಾನು ಗಟಗಟ ಕುಡೀರಿ ಅಂತ ಗದರಿಸ್ತಿದ್ದಿದ್ದು!"

ಮರುದಿನದಿಂದ ನೀರು ತಣ್ಣಗಾಯಿತು. ಐದು ನಿಮಿಷದೊಳಗೆ ಗುಟುಕು ಗುಟುಕಾಗಿ ಕುಡಿದರೆ ಸಾಕು ಎಂದಾಯಿತು. ಬೆಂಚಿನ ಜಾಗಕ್ಕೆ ಒರಗುವ ಕುರ್ಚಿಗಳು ಬಂದವು, ಕ್ಯಾಂಟೀನಿನ ವಾಸನೆ ನುಗ್ಗುತ್ತಿದ್ದ ಕಿಟಕಿ ಮುಚ್ಚಿತು. ವಾಂತಿ ನಿಂತೇ ಹೋಯಿತು. ಗಡಿಯಾರದಮ್ಮನಿಗೆ ಕೋಡು ಮೂಡಿದ್ದು ಆಗಲೇ. ಗೋಡೆಗೆ ಬೋರ್ಡು ಹಾಕಿಸಿ ದೊಡ್ಡದಾಗಿ ಬರೆದರು: ಈ ತಿಂಗಳ ವಾಂತಿ, ಸೊನ್ನೆ. ನಾಲ್ಕು ತಿಂಗಳು ಆ ಸೊನ್ನೆ ಅಲ್ಲಾಡಲಿಲ್ಲ.

ಐದನೆಯ ತಿಂಗಳು ಬ್ಲೌಸ್ ಹೊಲಿಯುವ ಟೈಲರ್ ಹೆಂಗಸೊಬ್ಬಳು ಬಂದಳು. ಮೊದಲ ಮಗು ನಾಲ್ಕೂವರೆ ಕೆ.ಜಿ. ಇತ್ತು, ಹೆರಿಗೆಯಲ್ಲಿ ಇಬ್ಬರೂ ಸತ್ತು ಬದುಕಿದ್ದರು. ಈ ಸಲ ಹಾಗಾಗಬಾರದೆಂದೇ ಡಾಕ್ಟರು ಪರೀಕ್ಷೆಗೆ ಕಳಿಸಿದ್ದು. ಖಾಲಿ ಹೊಟ್ಟೆಯ ಸಕ್ಕರೆ ತೊಂಬತ್ತು, ಮಿತಿಯ ಅಂಚಿನಲ್ಲೇ ಇತ್ತು. ಕುಡಿದು ಒಂದು ಗಂಟೆಯಾದ ಮೇಲೆ ತೊಂಬತ್ತೆಂಟು. ಎರಡು ಗಂಟೆಗೆ ಎಂಬತ್ತಾರು.

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ರಿಪೋರ್ಟ್ ಇರಲಾರದು. ಸಹಿ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಗಡಿಯಾರದಮ್ಮನ ಪೆನ್ನು ಮೇಲೇಳಲಿಲ್ಲ. ಅಷ್ಟು ಸಿಹಿ ಕುಡಿದವಳ ಸಕ್ಕರೆ ಏರಲೇ ಇಲ್ಲವೆಂದರೆ, ಕುಡಿದದ್ದು ಎಲ್ಲಿ ಹೋಯಿತು?

"ವಾಂತಿ ಆಯ್ತೇನಮ್ಮ?"

"ಇಲ್ಲ ಮೇಡಂ." ಹೇಳುವಾಗ ಅವಳ ಕಣ್ಣು ಬೋರ್ಡಿನ ಮೇಲಿತ್ತು.

ನೆಲ ಒರೆಸುತ್ತಿದ್ದ ಆಯಾ ಸೊಂಟ ನೆಟ್ಟಗೆ ಮಾಡಿದಳು. "ಆಗಿದೆ ಅಕ್ಕ. ಟಾಯ್ಲೆಟ್ ತೊಳೆದವಳು ನಾನೇ. ಇವಳೊಬ್ಬಳೇ ಅಲ್ಲ, ಈ ತಿಂಗಳು ಇನ್ನಿಬ್ರು. ನೀವು ಅಷ್ಟು ಖುಷಿಯಾಗಿದ್ರಿ, ಹೇಳೋಕೆ ಬಾಯಿ ಬರ್ಲಿಲ್ಲ."

ಟೈಲರ್ ಅಳತೊಡಗಿದಳು. "ಗಂಡ ಇನ್ನೊಂದು ದಿನ ಅಂದ್ರೆ ಬೈತಾರೆ. ನಿಮ್ಮ ಸೊನ್ನೆನೂ ನಾನೇ ಕೆಡಿಸ್ಬೇಕಾ ಅನ್ನಿಸ್ತು."

ಗಡಿಯಾರದಮ್ಮನಿಗೆ ನಾಚಿಕೆಯಾಯಿತು. ಹೊಟ್ಟೆಯಲ್ಲಿರುವ ಮಗುವಿಗಿಂತ ತನ್ನ ಸೊನ್ನೆ ಇವಳಿಗೆ ದೊಡ್ಡದಾಗಿ ಕಂಡಿತಲ್ಲ! ಆದರೆ ಕೈಕಟ್ಟಿ ಕೂರುವ ಜೀವವಲ್ಲ ಅದು. ರಿಪೋರ್ಟ್ ಹರಿದರು. ಬೋರ್ಡಿನ ಸೊನ್ನೆ ಒರೆಸಿ 'ಮೂರು' ಎಂದು ಬರೆದು, ಕೆಳಗೆ ಸೇರಿಸಿದರು: 'ವಾಂತಿ ಆದರೆ ಹೇಳಿ. ಬೈಯುವುದಿಲ್ಲ.' ಪ್ರತಿ ಕುರ್ಚಿಯ ಪಕ್ಕ ಎಲ್ಲರಿಗೂ ಕಾಣುವ ಹಾಗೆ ಒಂದೊಂದು ಬೇಸಿನ್ ಇಡಿಸಿದರು. ಉಳಿದಿಬ್ಬರಿಗೆ ತಾವೇ ಫೋನ್ ಮಾಡಿ ಕ್ಷಮೆ ಕೇಳಿ ಕರೆಸಿದರು.

"ಶನಿವಾರ ಬಾ, ಮೊದಲ ಸರದಿ ನಿಂದೇ," ಎಂದರು ಟೈಲರಿಗೆ. "ಕೈಹೊಲಿಗೆ ಇದ್ರೆ ತಗೊಂಡು ಬಾ, ಕೂತಲ್ಲೇ ಹಾಕು. ನಿನ್ನ ಗಂಡನ ಜೊತೆ ನಾನು ಮಾತಾಡ್ತೀನಿ."

ಶನಿವಾರ ಅವಳು ಮೂರು ಬ್ಲೌಸಿಗೆ ಹುಕ್ ಹಾಕಿ ಮುಗಿಸುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಕುಡಿದದ್ದು ಹೊಟ್ಟೆಯಲ್ಲೇ ಉಳಿಯಿತು, ಸಕ್ಕರೆ ಇನ್ನೂರು ದಾಟಿತು. ಅವಳ ಮುಖ ಬಿಳಿಚಿಕೊಂಡಿತು.

"ಹೆದರ್ಬೇಡ. ಸಿಕ್ಕಿಬಿತ್ತಲ್ಲ, ಇನ್ನು ಅದನ್ನ ಹದ್ದುಬಸ್ತಿನಲ್ಲಿ ಇಡಬಹುದು," ಎಂದರು ಗಡಿಯಾರದಮ್ಮ. ಇಟ್ಟರು ಕೂಡ. ಊಟದ ಪಥ್ಯ, ಔಷಧಿ, ವಾರಕ್ಕೊಮ್ಮೆ ರಕ್ತಪರೀಕ್ಷೆ.

ಮೂರು ತಿಂಗಳ ಮೇಲೆ ಟೈಲರ್ ಮೂರು ಕೆ.ಜಿ.ಯ ಮಗಳನ್ನು ಎತ್ತಿಕೊಂಡು ಬಂದಳು. ಅದೇ ಹೊತ್ತಿಗೆ ದೊಡ್ಡ ಡಾಕ್ಟರು ಬಂದು ಬೋರ್ಡು ನೋಡಿ ಹುಬ್ಬು ಗಂಟಿಕ್ಕಿದರು. "ಏನಮ್ಮ, ಮೊದಲು ಸೊನ್ನೆ ಇತ್ತು. ಈಗ ಐದಾ?"

ಗಡಿಯಾರದಮ್ಮ ಮಗುವನ್ನು ಎತ್ತಿಕೊಂಡು ಡಾಕ್ಟರ ಕಡೆ ತಿರುಗಿಸಿದರು. "ಹೌದು ಸರ್. ಈಗ ನಮ್ಮ ಹತ್ರ ಹೇಳ್ತಾರೆ."