ಬ್ಯಾಡ ಬೇಡವಾದದ್ದು

ಹೊಸಪೇಟೆಯ ಲಾರಿ ಗ್ಯಾರೇಜಿನ ಹಿಂದೆ ನಾವು ಮೂವರು ಗೆಳೆಯರು ಪಂಕ್ ಬ್ಯಾಂಡ್ ಕಟ್ಟಿದ್ದೆವು. ಶ್ರುತಿಯ ಗಂಧವಿಲ್ಲದ ನಾನು "ಬ್ಯಾಡಲೇ ಬ್ಯಾಡ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ, ಅದೇ ನಮ್ಮ ಹಾಡು. ಎಂಟೇ ತಿಂಗಳಲ್ಲಿ ಅವರಿಬ್ಬರೂ ಸಂಗೀತ ಕಲಿತ ಗಾಯಕನೊಬ್ಬನನ್ನು ಕರೆತಂದು ನನ್ನನ್ನು ಕೈಬಿಟ್ಟರು.

ಮೊನ್ನೆ ಹಂಪಿಯ ಗೆಸ್ಟ್‌ಹೌಸಿನಲ್ಲಿ ಅವರ ಕಾರ್ಯಕ್ರಮಕ್ಕೆ ಹೋಗಿದ್ದೆ, ತಪ್ಪು ಹುಡುಕಲೆಂದೇ. ನನ್ನ ಹಾಡಿಗೆ ಆ ಗಾಯಕ ಇಸ್ತ್ರಿ ಹೊಡೆದಿದ್ದ: "ಬೇಡ, ಬೇಡ." 'ಲೇ' ಕೂಡ ಇರಲಿಲ್ಲ. ಜನ ಅದನ್ನೇ ಗುನುಗಿದರು. ನನಗೆ ಹೊಟ್ಟೆ ಉರಿಯಿತು. ಒಂದು ಸ್ವರವಾದರೂ ತಪ್ಪಲಿ ಎಂದು ಕಾದೆ. ತಪ್ಪಲಿಲ್ಲ, ಹಾಳಾದವನು.

ಮುಗಿದ ಮೇಲೆ ಡ್ರಮ್ ಬಾರಿಸುವ ಗೆಳೆಯ ಬಂದು, "ಚಾ ಕುಡೀತಿಯೇನಲೇ?" ಎಂದ.

"ಬೇಡ," ಎಂದೆ.

ಅವನು ನಕ್ಕಾಗಲೇ ನಾನು ಹೇಳಿದ್ದು ನನಗೆ ಕೇಳಿಸಿದ್ದು.