ಕೇದಾರದಲ್ಲಿ ಸತ್ತ ಕದಿರಮ್ಮ

ಸಮೇತನಹಳ್ಳಿಯ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಕುಂಟಮ್ಮ ಎಪ್ಪತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ತೀರಿಕೊಂಡಾಗ, ಅವಳ ನಿಜವಾದ ಹೆಸರು ಕದಿರಮ್ಮ ಎನ್ನುವುದು ಆ ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಯಾರು ಹಿತ್ತಲಲ್ಲಿ ಜಾಗ ಕೊಟ್ಟರೆ ಅಲ್ಲಿ ಮಲಗಿ, ಯಾರು ಕರೆದರೆ ಅವರ ಹೊಲಕ್ಕೆ ಹೋಗಿ, ಹತ್ತು ವರ್ಷಕ್ಕೂ ಮೇಲೆ ಹಾಗೇ ದೂಡಿದಳು. ಗಂಡ ಮಕ್ಕಳ ಮಾತೆತ್ತಿದರೆ, "ಅವ್ರೆ, ಚೆನ್ನಾಗವ್ರೆ" ಅನ್ನುತ್ತಿದ್ದಳು. ಚೆನ್ನಾಗೇ ಇದ್ದರು, ಅವರಿಗೇನು ಧಾಡಿ! ಕುಂದಾಣದ ಮಗ್ಗುಲ ಹಳ್ಳಿಯಲ್ಲಿ ಅವಳ ಗಂಡ ವೆಂಕಟರಾಯಪ್ಪ ಬಾವಿ ತೋಡಿಸಿ, ದ್ರಾಕ್ಷಿ ಚಪ್ಪರ ಹಾಕಿಸಿ, ಊರಿಗೆ ದೊಡ್ಡ ಮನುಷ್ಯನಾಗಿದ್ದ.

ಆ ಮನೆಯಿಂದ ಅವಳು ಹೊರಟದ್ದು ಅರವತ್ತಮೂರರಲ್ಲಿ, ಅದೂ ಗಂಡನ ಹರಕೆಗಾಗಿ. ಅವನಿಗೆ ಗಂಡುಮಗು ಬೇಕಿತ್ತು. ಇದ್ದವಳು ಒಬ್ಬಳೇ ಮಗಳು ದ್ಯಾವಮ್ಮ. ಆಮೇಲೆ ಕದಿರಮ್ಮನಿಗೆ ಬಸಿರು ನಿಲ್ಲಲಿಲ್ಲ. ಅರಳಿಮರ ಸುತ್ತಿದ್ದಾಯಿತು, ನಾಗರಕಲ್ಲಿಗೆ ಹಾಲೆರೆದದ್ದಾಯಿತು. ಒಂದು ಸಲ ಕಾಶಿ ನೋಡಿ ಬಂದಿದ್ದ ಊರ ಹಿರಿಯ ಲಕ್ಷ್ಮಯ್ಯ, "ಗಂಡ ಹೆಂಡ್ತಿ ಕೇದಾರಕ್ಕೆ ನಡ್ಕೊಂಡು ಹೋಗಿ ಬನ್ರಪ್ಪ. ಆಮೇಲೂ ಗಂಡಾಗ್ದಿದ್ರೆ ನನ್ನ ಕೇಳು" ಎಂದ. ಅವನೇ ಮುಂದಾಳಾಗಿ ಏಳೆಂಟು ಜನ ಯಾತ್ರೆ ಹೊರಟರು. ಹತ್ತು ವರ್ಷದ ದ್ಯಾವಮ್ಮನನ್ನು ಅಜ್ಜಿಯ ಹತ್ತಿರ ಬಿಟ್ಟು ಬಸ್ಸು ಹತ್ತಿದರೆ, ಆ ಹುಡುಗಿ ಕೆರೆ ಏರಿಯವರೆಗೂ ಬಸ್ಸಿನ ಹಿಂದೆ ಓಡಿ ಬಂದಳು. "ಬಂದ್ಬಿಡ್ತೀನಿ ಕಣವ್ವ, ಅಳ್ಬೇಡ" ಎಂದು ಕಿಟಕಿಯಿಂದ ಕೂಗಿದ ಕದಿರಮ್ಮನಿಗೆ ಹರಿದ್ವಾರ ಮುಟ್ಟುವವರೆಗೂ ಕಣ್ಣ ಮುಂದೆ ಅದೇ ಮುಖ.

ಮೋಟಾರು ದಾರಿ ಮುಗಿದ ಮೇಲೆ ಕಾಲ್ನಡಿಗೆ. ನಂದಿಬೆಟ್ಟವನ್ನೇ ಬೆಟ್ಟ ಅಂದುಕೊಂಡಿದ್ದ ಜನ ಇವರು. ಅಲ್ಲಿ ಬೆಟ್ಟದ ನೆತ್ತಿ ನೋಡಬೇಕಾದರೆ ತಲೆಯ ಮೇಲಿನ ಗಂಟು ಕೆಳಗಿಳಿಸಬೇಕು. ಕೆಳಗೆ ಬಗ್ಗಿದರೆ ಮಂದಾಕಿನಿ ಹೊಳೆ. ದಾರಿಯೋ, ಎದುರಿಗೆ ಹೇಸರಗತ್ತೆ ಬಂದರೆ ಬಂಡೆಗೆ ಬೆನ್ನು ಒತ್ತಿ ಉಸಿರು ಹಿಡಿದು ನಿಲ್ಲಬೇಕು. ಬೆಟ್ಟದ ಹೆಂಗಸರು ಹುಲ್ಲಿನ ಹೊರೆ ಹೊತ್ತು ಅದೇ ದಾರಿಯಲ್ಲಿ ನಗುತ್ತಾ ಓಡಾಡುತ್ತಿದ್ದರು, ಇವರು ಗೋವಿಂದಾ ಅನ್ನುತ್ತಾ ಏದುಸಿರು ಬಿಡುತ್ತಿದ್ದರು. ಕದಿರಮ್ಮ ತನ್ನ ಗಂಟಿನ ಜೊತೆ ಗಂಡನ ಗಂಟನ್ನೂ ಹೊತ್ತಿದ್ದಳು. ಹರಕೆ ಅವನದು, ಹೊರೆ ಇವಳದು! ಕೇದಾರ ಇನ್ನು ಒಂದು ದಿನದ ದಾರಿ ಎನ್ನುವಾಗ ಮಳೆಗೆ ನೆಂದ ಕಲ್ಲಿನ ಮೇಲೆ ಜಾರಿ, ಎರಡು ಗಂಟಿನ ಭಾರಕ್ಕೆ ಮಗುಚಿ ಬಿದ್ದು, ಬಲಗಾಲು ಮುರಿದುಕೊಂಡಳು.

ದಾರಿಯಿಂದ ಮೇಲೆ ಒಂದು ಕಲ್ಲಿನ ಗುಡಿಸಲಿತ್ತು. ಸರುಲಿ ಎಂಬ ವಿಧವೆ ಅಲ್ಲಿ ಎರಡು ಎಮ್ಮೆ ಕಟ್ಟಿಕೊಂಡಿದ್ದಳು. ಕಿರುಚಾಟ ಕೇಳಿ ಕೆಳಗಿಳಿದು ಬಂದವಳು ಒಂದು ಮಾತೂ ಕೇಳಲಿಲ್ಲ. ಬೆನ್ನಿನ ಬುಟ್ಟಿಯಲ್ಲಿ ಕದಿರಮ್ಮನನ್ನು ಕೂರಿಸಿಕೊಂಡು, ಹಗ್ಗವನ್ನು ಹಣೆಗೆ ಕೊಟ್ಟು, ಏರಿಯೇಬಿಟ್ಟಳು. ವೆಂಕಟರಾಯಪ್ಪ ಕೈ ಬೀಸಿಕೊಂಡು ಅವರ ಹಿಂದೆ ಗುಡಿಸಲವರೆಗೂ ಹತ್ತಿದ. "ದರ್ಶನ ಮುಗಿಸ್ಕೊಂಡು ಬರ್ತಾ ಕರ್ಕೊಂಡು ಹೋಗ್ತೀನಿ. ಹೊರೋಕೆ ಯಾರನ್ನಾದ್ರೂ ಗೊತ್ತು ಮಾಡ್ಕೊಂಡು ಬರ್ತೀನಿ" ಎಂದು ಹೇಳಿ ಹೋದ. ಅವಳು ನಂಬಿದಳು. ನಂಬದೆ ಏನು ಮಾಡಿಯಾಳು, ತಾಳಿ ಕಟ್ಟಿದವನು.

ಮೂರನೆಯ ದಿನ ಗುಡಿಸಲ ಬಾಗಿಲಲ್ಲಿ ಕೂತಿದ್ದಾಗ ಊರವರು ಸಾಲಾಗಿ ಇಳಿದು ಬರುವುದು ಕಾಣಿಸಿತು. ಅವರು ಕೆಳಗೆ ತಿರುವಿನ ಮರೆಯಲ್ಲಿ ನಿಂತರು, ಗಂಡನೊಬ್ಬನೇ ಮೇಲೆ ಹತ್ತಿದ. "ಬಂದ್ರು ಕಣಕ್ಕಾ!" ಎಂದು ಸರುಲಿಗೆ ಕನ್ನಡದಲ್ಲೇ ಹೇಳಿ ಕದಿರಮ್ಮ ಗಂಟು ಕಟ್ಟಿಕೊಂಡಳು. ಆದರೆ ಅವನು ಗುಡಿಸಲವರೆಗೂ ಬರಲಿಲ್ಲ. ಅರ್ಧದಾರಿಯಲ್ಲಿ ಒಂದು ಬಂಡೆಯ ಮೇಲೆ ಕೂತು ಬೀಡಿ ಹಚ್ಚಿದ. ಅಲ್ಲಿಂದ ಅವಳನ್ನು ನೋಡಿದ, ಕುಂಬಳಕಾಯಿಯಷ್ಟು ಊದಿದ ಕಾಲನ್ನು ನೋಡಿದ. ಅವನ ತಲೆಯಲ್ಲಿ ಏನು ಓಡಿತೋ ನಾನೇನು ಒಳಹೊಕ್ಕು ಕಂಡೆನೆ? ಗಂಡು ಹೆರದ ಹೆಂಡತಿ, ಅದರ ಮೇಲೆ ಕುಂಟಿ. ಊರಲ್ಲಿ ಪಾಪಕ್ಕ ಎಂಬ ಹುಡುಗಿಯ ಮೇಲೆ ಆಗಲೇ ಅವನ ಕಣ್ಣಿತ್ತು ಎನ್ನುವುದೂ ಸುಳ್ಳಲ್ಲ. ಬೀಡಿ ಮುಗಿಯುವವರೆಗೂ ಕೂತಿದ್ದ. ಆಮೇಲೆ ಅದನ್ನು ಕಲ್ಲಿಗೆ ಉಜ್ಜಿ, ಎದ್ದು, ಕೆಳಗಿಳಿದು ಹೋದ.

ಕೆಳಗಿದ್ದವರಿಗೆ ಅವನು ಹೇಳಿದ್ದು ಇಷ್ಟೇ: "ಹೋಗ್ಬಿಟ್ಲು. ನೆನ್ನೇನೇ ಅಂತೆ. ಬೆಟ್ಟದೋರೇ ಸುಟ್ಟವ್ರೆ."

ಇತ್ತ ಕದಿರಮ್ಮ ಕೂಗಿದಳು. ಗಂಡನ ಹೆಸರು ಹಿಡಿದು ಕೂಗುವಂತಿಲ್ಲವಲ್ಲ, "ದ್ಯಾವಿ ಅಪ್ಪಾ! ದ್ಯಾವಿ ಅಪ್ಪಾ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಆ ಕೂಗು ಕೆಳಗೆ ಮುಟ್ಟಿತು, ಎಲ್ಲರ ಕಿವಿಗೂ ಬಿತ್ತು. ಅಯ್ಯೋ, ಕೇಳಿಸದೇ ಇದ್ದಿದ್ದರೇ ಚೆನ್ನಾಗಿತ್ತು. ಹೆಣ ಸುಟ್ಟು ಬಂದವರು ಹಿಂದಕ್ಕೆ ತಿರುಗಬಾರದು ಎಂಬುದು ನಮ್ಮ ಕಡೆಯ ಕಟ್ಟುಪಾಡು. ತಿರುಗಿದರೆ ಸತ್ತವರು ಬೆನ್ನು ಹತ್ತಿ ಮನೆಗೆ ಬರುತ್ತಾರೆ. ಲಕ್ಷ್ಮಯ್ಯ, "ಸತ್ತೋಳು ಕೂಗ್ತಾವ್ಳೆ! ಯಾರೂ ಹಿಂದಕ್ಕೆ ನೋಡ್ಬೇಡ್ರಪ್ಪೋ, ನಡೀರಿ ನಡೀರಿ" ಎಂದು ಎಲ್ಲರನ್ನೂ ದಬ್ಬಿದ. ಅವರು ತಲೆಯ ಮೇಲೆ ಕಂಬಳಿ ಎಳೆದುಕೊಂಡರು. ಅವಳು ಕೂಗಿದಷ್ಟೂ ಅವರ ಹೆಜ್ಜೆ ಜೋರಾಯಿತು. ಕೂಗಿ ಕೂಗಿ ದನಿ ಬಿದ್ದುಹೋಗುವ ಹೊತ್ತಿಗೆ ದಾರಿಯಲ್ಲಿ ಯಾರೂ ಇರಲಿಲ್ಲ. ಹಾಗೇಕೆ ಓಡಿದರು ಎಂಬುದು ಅವಳಿಗೆ ತಿಳಿಯಲು ಮೂರು ವರ್ಷ ಬೇಕಾಯಿತು.

ಸರುಲಿ ಅವಳ ಕಾಲಿಗೆ ಮರದ ತೊಗಟೆ ಕಟ್ಟಿ, ದಿನಾ ಬಿಸಿ ತುಪ್ಪ ತಿಕ್ಕಿದಳು. ಇವಳ ಮಾತು ಅವಳಿಗೆ ಬಾರದು, ಅವಳದು ಇವಳಿಗೆ ಬಾರದು. ಒಂದು ದಿನ ಸರುಲಿ ರೊಟ್ಟಿ ತಟ್ಟಲು ಹಿಟ್ಟು ತೆಗೆದರೆ, ನೋಡುತ್ತಾಳೆ, ರಾಗಿ! ಕದಿರಮ್ಮ ಹಿಟ್ಟನ್ನು ಮೂಗಿಗೆ ಹಿಡಿದು ಗೊಳೋ ಎಂದು ಅತ್ತಳು. ಅತ್ತು ಮುಗಿಸಿ, ತೆವಳಿಕೊಂಡು ಒಲೆಯ ಹತ್ತಿರ ಹೋಗಿ, ಒಂದು ಕೋಲು ಹುಡುಕಿ ಮುದ್ದೆ ತಿರುವಿದಳು. ಅಗಿಯದೆ ನುಂಗು ಎಂದು ಕೈಸನ್ನೆ ಮಾಡಿ ತೋರಿಸಿದರೆ ಸರುಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಿಮ ಬೀಳುವ ಕಾಲಕ್ಕೆ ಕೆಳಗಿನ ಹಳ್ಳಿಗೆ ಇಳಿಯುವಾಗಲೂ ಇವಳನ್ನು ಬೆನ್ನ ಮೇಲೆ ಹೊತ್ತೇ ಇಳಿದಳು. ಒಡಹುಟ್ಟಿದವರು ಮಾಡುತ್ತಾರೆಯೇ? ಹೇಳಿ ನೋಡೋಣ.

ಕಾಲು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಪಾದ ಹೊರಕ್ಕೆ ತಿರುಗಿ ಹಿಮ್ಮಡಿ ಮುಂದೆ ಬಂದ ಹಾಗಾಯಿತು. ನಡೆಯುವುದನ್ನು ಹೊಸದಾಗಿ ಕಲಿತಳು. ಎಮ್ಮೆ ಮೇಯಿಸಿದಳು, ಹುಲ್ಲು ಹೊತ್ತಳು. ಬೇಸಿಗೆ ಬಂದರೆ ದಾರಿ ಬದಿಯಲ್ಲಿ ಕೂತು ಯಾತ್ರಿಕರ ಮಾತಿಗೆ ಕಿವಿ ಕೊಡುತ್ತಿದ್ದಳು. ಮೂರನೆಯ ವರ್ಷ, ಮಳೆಗಾಲ ಮುಗಿಯುತ್ತಾ ಬಂದಾಗ, ಅನಂತಪುರದ ಕಡೆಯವರು ಬಂದರು. ಕುಂದಾಣದ ಕಡೆಯವಳಿಗೆ ತೆಲುಗು ಬಾರದೇ? ಅವರ ಕಾಲು ಹಿಡಿದಳು. ಅವರು ಕರುಣೆ ಇದ್ದ ಜನ, ಬಾ ತಾಯಿ ಅಂದರು. ಹೊರಟ ದಿನ ಸರುಲಿ ಅವಳ ಎರಡೂ ಕೈ ಹಿಡಿದು ನೆಲ ತೋರಿಸಿದಳು, ಇಲ್ಲೇ ಇರು ಎಂದು. ಕದಿರಮ್ಮ ಕೈಯನ್ನು ತನ್ನ ಸೊಂಟದ ಎತ್ತರಕ್ಕೆ ಹಿಡಿದು ತೋರಿಸಿದಳು: ಇಷ್ಟುದ್ದದ ಮಗಳಿದ್ದಾಳೆ. ಸರುಲಿ ಕೈ ಬಿಟ್ಟಳು.

ದೊಡ್ಡಬಳ್ಳಾಪುರದಲ್ಲಿ ರೈಲು ಇಳಿದು ಕುಂಟಿಕೊಂಡೇ ಊರು ಸೇರಿದಾಗ ಇಳಿಹೊತ್ತು. ಊರ ಮುಂದಿನ ಅರಳಿಕಟ್ಟೆಯ ಮೇಲೆ ಲಕ್ಷ್ಮಯ್ಯ ಒಬ್ಬನೇ ಕೂತಿದ್ದ.

"ಲಕ್ಷ್ಮಯ್ಯಮಾವ, ನಾನು ಕಣೋ, ಕದಿರಿ."

ಅವನು ಮುಖ ನೋಡಿದ, ಆಮೇಲೆ ಕಾಲು ನೋಡಿದ. ಪಾದ ತಿರುಗಿದೆ! ದೆವ್ವದ ಪಾದ ತಿರುಗಿರುತ್ತದೆ ಎನ್ನುವುದು ಕೂಸಿಗೂ ಗೊತ್ತು. ಕಟ್ಟೆಯಿಂದ ಉರುಳಿಬಿದ್ದವನ ಬಾಯಲ್ಲಿ ರಾಮ ರಾಮ ಬಿಟ್ಟರೆ ಬೇರೆ ಮಾತಿಲ್ಲ. ಅವಳು ಅವನ ಕೈ ಹಿಡಿದುಕೊಂಡಳು. "ಮುಟ್ಟಿ ನೋಡು ಮಾವ. ದೆವ್ವದ ಕೈ ಬಿಸಿಗಿರ್ತದಾ?"

ಕೈ ಬಿಸಿಯಾಗಿತ್ತು. ಮುದುಕನಿಗೆ ಈಗ ಹತ್ತಿದ ಭಯ ಬೇರೆ. ವೆಂಕಟರಾಯಪ್ಪ ಹೇಳಿದ ಸುಳ್ಳು, ತಾನು ಎಲ್ಲರನ್ನೂ ಓಡಿಸಿದ್ದು, ಒಂದೊಂದಾಗಿ ಒಪ್ಪಿಸಿದ. ಒಪ್ಪಿಸಿ, ಅವಳ ಕಾಲಿಗೇ ಬಿದ್ದ.

"ತಾಯಿ, ನೀನೀಗ ಬರೀ ಕದಿರಿ ಅಲ್ಲ. ಕೇದಾರದಲ್ಲಿ ಮುತ್ತೈದೆಯಾಗಿ ಐಕ್ಯ ಆದೋಳು. ನಿನ್ನ ತಿಥಿ ಆಗೈತೆ. ನಿನ್ನ ಗಂಡ ಪಾಪಕ್ಕನ್ನ ಮದುವೆ ಆಗವ್ನೆ, ನಿನ್ನ ಹೆಸರಲ್ಲಿ ಹರಕೆ ಹೊತ್ತ ಮೇಲೆ ಗಂಡೂ ಹುಟ್ಟೈತೆ. ದ್ಯಾವಮ್ಮನ್ನ ದೊಡ್ಡಬೆಳವಂಗಲದೋರು ಸೊಸೆಯಾಗಿ ಒಪ್ಪಿರೋದೂ ಅದಕ್ಕೇಯ, ಅಂಥಾ ಪುಣ್ಯವಂತೆ ಮಗಳು ಅಂತ. ನೀನು ಎದ್ದು ಬಂದೆ ಅಂದ್ರೆ ಆ ಹುಡ್ಗಿ ಗತಿ ಏನಮ್ಮ? ತಿಥಿ ಆದೋಳ್ನ ಒಳಕ್ಕೆ ಕರ್ಕೊಂಡ ಮನೆ ಹೆಣ್ಣನ್ನ ಯಾರು ತರ್ತಾರೆ?"

ಕದಿರಮ್ಮನಿಗೆ ಗಂಡನ ಮೇಲೆ ಬರಬೇಕಾದ ಸಿಟ್ಟು ಕೂಡ ಬರಲಿಲ್ಲ.

"ನಂಗೆ ಮನೆ ಬೇಡ ಮಾವ. ನನ್ನ ಮಗಳು ಒಂದ್ಸಲ ನನ್ನ ಮಕ ನೋಡಿ ಅವ್ವ ಅನ್ಲಿ. ಅಷ್ಟಾದ್ರೆ ಎಲ್ಲಿಗಾದ್ರೂ ಹೋಗ್ತೀನಿ."

ಅವಳು ಮನೆಯ ಕಡೆ ನಡೆದಳು. ಅವತ್ತು ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಸತ್ತವರಿಗೆ ಹೊಸ ಬಟ್ಟೆ ಇಟ್ಟು, ಇಷ್ಟದ ಅಡುಗೆಯನ್ನೆಲ್ಲ ಎಲೆಗೆ ಬಡಿಸಿ ಎಡೆ ಇಡುತ್ತಾರೆ. ಬಂದು ಉಣ್ಣಿ ಎಂದು ಕರೆದು, ಬಾಗಿಲು ಹಾಕಿಕೊಂಡು, ಅವರು ಉಂಡು ಹೋಗಲೆಂದು ಮನೆಯವರೆಲ್ಲ ಹೊರಗೆ ಕಾಯುತ್ತಾರೆ. ಅಂಗಳದ ಬೇಲಿ ಮುಟ್ಟುವ ಹೊತ್ತಿಗೆ ಒಳಗಿನಿಂದ ದ್ಯಾವಮ್ಮನ ದನಿ ಕೇಳಿಸಿತು.

"ಅವ್ವಾ, ಬಾರವ್ವ. ಉಂಡ್ಕೊಂಡು ಹೋಗವ್ವ."

"ಬಂದೆ ಕಣವ್ವ!" ಎಂದು ಕದಿರಮ್ಮ ಅಂಗಳಕ್ಕೆ ಕಾಲಿಟ್ಟಳು, ಒಳಗಿದ್ದವರು ಬಾಗಿಲು ಎಳೆದುಕೊಂಡು ಜಗಲಿಗೆ ಬಂದರು. ಮುಂದೆ ವೆಂಕಟರಾಯಪ್ಪ. ಅವನ ಹಿಂದೆ ಕೂಸನ್ನು ಎತ್ತಿಕೊಂಡ ಪಾಪಕ್ಕ. ಅವಳ ಕತ್ತಿನಲ್ಲಿ ತಾಳಿಯ ಪಕ್ಕದಲ್ಲೇ, ಸತ್ತ ಸವತಿ ಕಾಡದಿರಲೆಂದು ಅವಳ ಹೆಸರಲ್ಲಿ ಕಟ್ಟಿಕೊಂಡ ಇನ್ನೊಂದು ಚಿನ್ನದ ಬಿಲ್ಲೆ. ಕಡೆಯಲ್ಲಿ ದ್ಯಾವಮ್ಮ. ಎಷ್ಟು ಉದ್ದ ಬೆಳೆದಿದ್ದಳು! ಸೀರೆ ಉಟ್ಟಿದ್ದಳು.

ವೆಂಕಟರಾಯಪ್ಪನ ಮುಖದ ರಕ್ತ ಇಳಿದುಹೋಯಿತು. ಆದರೂ ಆ ಮನುಷ್ಯ ಬಾಯಿ ಬಿಟ್ಟ ನೋಡಿ, ಅದಕ್ಕೆ ಎಂಥ ಗುಂಡಿಗೆ ಬೇಕು! "ಯಾವಳೋ ತಿರುಕಿ. ಹಬ್ಬದ ದಿನ ಬಂದು ನಿಂತವ್ಳೆ. ಹೋಗಮ್ಮ ಆಚೆಗೆ."

ಅವಳು ಅವನ ಕಡೆ ನೋಡಲೇ ಇಲ್ಲ. "ದ್ಯಾವೀ" ಎಂದಳು.

ಹುಡುಗಿ ಕಂಬ ಹಿಡಿದುಕೊಂಡಳು. ಗುರುತು ಸಿಕ್ಕಿತ್ತು. ದನಿಯಲ್ಲೇ ಸಿಕ್ಕಿತ್ತು. ಹೆತ್ತವಳಿಗೆ ಅಷ್ಟೂ ತಿಳಿಯದೇ? ತುಟಿ ಅಲುಗಿದ್ದೂ, ಕಣ್ಣು ತುಂಬಿದ್ದೂ ಕಂಡಿತು. ಒಂದು ಹೆಜ್ಜೆ ಮುಂದೆ ಇಟ್ಟಳು ಕೂಡ. ಆಮೇಲೆ ಅಪ್ಪನನ್ನು ನೋಡಿದಳು, ಪಾಪಕ್ಕನನ್ನು ನೋಡಿದಳು, ಬೇಲಿಯ ಆಚೆ ಆಗಲೇ ಬಂದು ನಿಂತಿದ್ದ ಅಕ್ಕಪಕ್ಕದವರನ್ನು ನೋಡಿದಳು. ಮುಂದಿಟ್ಟ ಕಾಲು ಹಿಂದಕ್ಕೆ ಹೋಯಿತು.

"ನಮ್ಮವ್ವ ಒಳಗೆ ಉಣ್ತಾವ್ಳೆ" ಎಂದಳು ದ್ಯಾವಮ್ಮ. "ನೀನ್ಯಾರು?"

ಕದಿರಮ್ಮ ಮುಚ್ಚಿದ ಬಾಗಿಲನ್ನು ನೋಡಿದಳು, ಮಗಳನ್ನು ಇನ್ನೊಂದು ಸಲ ನೋಡಿದಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಹಂಗಾ? ಉಣ್ಲಿ ಬಿಡವ್ವ. ಬಾಗ್ಲು ಬೇಗ ತೆಗೀಬೇಡ. ದೂರದಿಂದ ಹಸ್ಕೊಂಡು ಬಂದಿರ್ತಾಳೆ."