ಗಂಜಿ ಕಾಣದ ಕಂಬಳಿ

ಎಪ್ಪತ್ತೊಂದರ ದಸರೆ ಕಳೆದಿತ್ತು. ಗಡಿಯಾಚೆ ಹೊತ್ತಿಕೊಂಡ ಜಗಳಕ್ಕೆ ನಮ್ಮ ದೇಶ ಇನ್ನೂ ಇಳಿದಿರಲಿಲ್ಲ. ತಾಳ್ಯದಲ್ಲಿ ಕುರಿ ಸಾಕಿ ಕಂಬಳಿ ನೇಯುವ ಮನೆ ನಮ್ಮದು. “ಅವರ ಜಗಳ ನಮಗ್ಯಾಕೆ?” ಎಂದು ಚಿಕ್ಕಪ್ಪ ಮಗ್ಗದಲ್ಲಿ ಕೂತು ಹೇಳುತ್ತಿದ್ದ. ಅದೇ ವಾರ ಹೊಸದುರ್ಗದ ವ್ಯಾಪಾರಿಯೊಬ್ಬ ಬಂದು, ಮಿಲಿಟರಿಗೆ ಬೇಕಾಗಿದೆ, ಇರುವ ಕಂಬಳಿಯನ್ನೆಲ್ಲ ಕೊಡಿ, ಗಂಜಿ ಹಾಕುತ್ತ ಕೂರಬೇಡಿ ಎಂದ.

ಹುಣಸೆಬೀಜದ ಗಂಜಿ ಬಳಿದು ಒಣಗಿಸದೆ ಅಜ್ಜಿ ಒಂದು ಕಂಬಳಿಯನ್ನೂ ಹೊರಗೆ ಬಿಡುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಗಂಜಿ ಕಾಣದ ಕಂಬಳಿಯನ್ನು ಹೊದಿಸುತ್ತಿದ್ದದ್ದು ಹೆಣಕ್ಕೆ ಮಾತ್ರ.

“ಗಂಜಿ ಬ್ಯಾಡ ಅಂತೀಯಲ್ಲಪ್ಪ, ಸತ್ತೋರು ಯಾರು?” ಎಂದಳು ಅಜ್ಜಿ.

“ಇನ್ನೂ ಯಾರೂ ಸತ್ತಿಲ್ಲಜ್ಜಿ. ಬೇಗ ಕಟ್ಟಿ ಕೊಡ್ರಿ,” ಎಂದ ಅವನು.

ಚಿಕ್ಕಪ್ಪ ನಕ್ಕು ಕಟ್ಟಿಕೊಟ್ಟ. ಯುದ್ಧಕ್ಕೆ ಜನ ಯಾಕೆ ಇಳಿಯುತ್ತಾರೆ ಎಂಬುದಕ್ಕೆ ಯಾರಾದರೂ ದೊಡ್ಡ ದೊಡ್ಡ ಕಾರಣ ಹೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಮ್ಮ ಮನೆ ಇಳಿದದ್ದು ಹೀಗೆ, ಹಾಡಹಗಲಲ್ಲಿ, ನಗುನಗುತ್ತಾ.

ಯುದ್ಧ ಶುರುವಾದರೆ ಇನ್ನಷ್ಟು ಕಂಬಳಿ ಬೇಕಾಗುತ್ತದೆ ಎಂದು ವ್ಯಾಪಾರಿ ಹೇಳಿ ಹೋಗಿದ್ದ. ಅಂದಿನಿಂದ ಚಿಕ್ಕಪ್ಪ ಪ್ರತಿ ಸಂಜೆ ಹೋಟೆಲಿನ ರೇಡಿಯೊ ಮುಂದೆ ಕೂರತೊಡಗಿದ. “ಇವತ್ತೂ ಶುರುವಾಗ್ಲಿಲ್ಲ,” ಎಂದು ಸಪ್ಪೆ ಮುಖ ಹಾಕಿಕೊಂಡು ಮನೆಗೆ ಬರುತ್ತಿದ್ದ.